ಗಿಟಾರಿನ ಹಿಂದೆ ಗುಂಯ್‌ಗುಡುವುದು ಯಾವುದು?

ನಮ್ಮ ಎಷ್ಟೋ ಧರ್ಮಕೇಂದ್ರಗಳ ಗಾನವೃಂದದಲ್ಲಿ ಹಿಂದೆ ಹಾರ್ಮೋನಿಯಂ, ತಬಲ ಇದ್ದವು. ಆಮೇಲೆ ಕೀಬೋರ್ಡ್ ಬಂತು. ಅದರ ಪಕ್ಕಕ್ಕೆ ಎಲೆಕ್ಟ್ರಿಕ್ ಗಿಟಾರ್ ಬಂತು. ಗಿಟಾರಿನ ಬೆನ್ನಿಗೇ, ಯಾರೂ ಕರೆಯದಿದ್ದರೂ, ಒಂದು ಸದ್ದೂ ಬಂದು ಸೇರಿಕೊಂಡಿತು. ಹಾಡು ನಡೆಯುವಾಗ ಅದು ಅಷ್ಟಾಗಿ ಕೇಳಿಸುವುದಿಲ್ಲ. ಪರಮಪ್ರಸಾದ ಸ್ವೀಕರಿಸಿ ಎಲ್ಲರೂ ಮೌನವಾಗಿ ಕುಳಿತಾಗ ಸ್ಪೀಕರಿನಿಂದ ‘ಗುಂಯ್’ ಎಂದು ಒಂದೇ ಸಮನೆ ಹೊರಡುತ್ತದೆ. ಮುಂದಿನ ಬೆಂಚಿನ ಅಜ್ಜಂದಿರು ಹಿಂದಕ್ಕೆ ತಿರುಗಿ ನೋಡುತ್ತಾರೆ.

ಮಗನಿಗೆ ಗಿಟಾರ್ ಕೊಡಿಸಿರುವ ತಾಯಿಯೊಬ್ಬರು ಇದೇ ಸದ್ದಿನ ಬಗ್ಗೆ ನಮ್ಮ ಅಂಕಣಕ್ಕೆ ಬರೆದಿದ್ದಾರೆ. ಮನೆಯಲ್ಲಿ ನುಡಿಸಿದರೆ ಕಡಿಮೆ, ದೇವಾಲಯದಲ್ಲಿ ಹೆಚ್ಚು. ಅಂಗಡಿಯವರು ಗಿಟಾರನ್ನೇ ಬದಲಾಯಿಸಿ ಎನ್ನುತ್ತಾರೆ. ಮಗನ ಗೆಳೆಯನೊಬ್ಬ ಪ್ಲಗ್ಗಿನ ದೊಡ್ಡ ಪಿನ್ನು ತೆಗೆದುಬಿಟ್ಟರೆ ಸದ್ದು ನಿಲ್ಲುತ್ತದೆ ಎಂದಿದ್ದಾನಂತೆ. ಗಿಟಾರ್ ಬದಲಾಯಿಸುವ ಮಾತನ್ನು ಆಮೇಲೆ ನೋಡೋಣ. ಆ ಪಿನ್ನನ್ನು ಮಾತ್ರ ಯಾರೂ ಮುಟ್ಟಬೇಡಿ. ಏಕೆ ಎಂಬುದನ್ನು ಮುಂದೆ ವಿವರವಾಗಿ ಬರೆಯುತ್ತೇವೆ.

ಮೊದಲು ಆ ಸದ್ದು ಏನೆಂದು ತಿಳಿಯೋಣ. ಕಾಸರಗೋಡಿರಲಿ, ತಾಳವಾಡಿಯಿರಲಿ, ಅಕ್ಕಲಕೋಟೆಯಿರಲಿ, ಗಡಿಯ ಯಾವ ಬದಿಯಲ್ಲಿದ್ದರೂ ನಮ್ಮ ಮನೆಗಳಿಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಜ್. ಎಂದರೆ ಅದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತದೆ. ಆ ಓಡಾಟವೇ ಸ್ಪೀಕರಿನಲ್ಲಿ ಸ್ವರವಾಗಿ ಕೇಳುತ್ತದೆ. ಆಂಪ್ಲಿಫೈಯರಿನ ಒಳಗೆ ಕರೆಂಟನ್ನು ಡಿಸಿಗೆ ಬದಲಿಸುವಾಗ ಅದು ಎರಡು ಪಟ್ಟಾಗಿ 100 ಹರ್ಟ್ಜ್ ಆಗುವುದೂ ಉಂಟು. ಗಿಟಾರಿನ ಆರನೇ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿದರೆ ಬರುವ ಸ್ವರ 98 ಹರ್ಟ್ಜ್. ನಿಮ್ಮ ಸದ್ದು ಆ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ ಅದು ಕರೆಂಟಿನ ಕೂಸೇ. ಇದಲ್ಲದೆ ‘ಝರ್‌ರ್’ ಎಂದು ದುಂಬಿ ಹಾರಿದಂತಹ ಇನ್ನೊಂದು ಸದ್ದಿದೆ. ಅದು ಹೆಚ್ಚಾಗಿ ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟಿನ ಚೋಕ್, ಹಬ್ಬದ ಮಿಣಮಿಣ ಸರದೀಪಗಳ ಕಡೆಯಿಂದ ಬರುತ್ತದೆ. ಎರಡನ್ನೂ ಕಿವಿಯಿಂದ ಬೇರೆ ಮಾಡಿ ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಉಳಿದ ಅರ್ಧಕ್ಕೆ ಬೇಕಾದದ್ದು ತಾಳ್ಮೆ. ಎಲ್ಲವನ್ನೂ ಒಟ್ಟಿಗೆ ಜೋಡಿಸಿಟ್ಟು ಅಲ್ಲಿ ಇಲ್ಲಿ ಅಲುಗಾಡಿಸಿದರೆ ಏನೂ ತಿಳಿಯದು. ಎಲ್ಲವನ್ನೂ ಬಿಚ್ಚಿ, ಆಂಪ್ಲಿಫೈಯರಿನಿಂದ ಶುರುಮಾಡಿ, ಒಂದೊಂದಾಗಿ ಸೇರಿಸುತ್ತಾ ಬರಬೇಕು. ಯಾವುದನ್ನು ಸೇರಿಸಿದಾಗ ಸದ್ದು ಎದ್ದಿತೋ ಅದೇ ಕಳ್ಳ.

ಆಂಪ್ಲಿಫೈಯರಿಗೆ ಏನನ್ನೂ ಚುಚ್ಚದೆ ಆನ್ ಮಾಡಿ. ಆಗಲೇ ಗಟ್ಟಿಯಾಗಿ ಗುಂಯ್ ಎಂದರೆ ತೊಂದರೆ ಅದರ ಹೊಟ್ಟೆಯೊಳಗೆ ಇರಬಹುದು. ಕರೆಂಟನ್ನು ಸಮ ಮಾಡುವ ಕೆಪ್ಯಾಸಿಟರುಗಳು ಹಳೆಯದಾದರೆ ಹೀಗಾಗುತ್ತದೆ. ಇದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ವಾಲ್ವ್ ಇರುವ ಆಂಪ್ಲಿಫೈಯರಿನಲ್ಲಿ ಅದು ನೂರಾರು ವೋಲ್ಟ್. ರಿಪೇರಿ ಬಲ್ಲವರ ಬಳಿಗೇ ಕೊಂಡೊಯ್ಯಿರಿ.

ಆಂಪ್ಲಿಫೈಯರ್ ಮೌನವಾಗಿದ್ದರೆ ಕೇಬಲ್ ಮತ್ತು ಗಿಟಾರ್ ಸೇರಿಸಿ, ಗಿಟಾರಿನ ವಾಲ್ಯೂಮನ್ನು ಪೂರ್ತಿ ಇಳಿಸಿ. ಆದರೂ ಸದ್ದಿದ್ದರೆ ಕೇಬಲ್ ಮೇಲೆ ಸಂಶಯ ಪಡಿ. ಗಿಟಾರಿನ ಕೇಬಲಿನಲ್ಲಿ ನಡುವೆ ಒಂದು ತಂತಿ, ಅದರ ಸುತ್ತ ಬಲೆಯಂತೆ ಹೆಣೆದ ತಾಮ್ರದ ಇನ್ನೊಂದು ಪದರ ಇರುತ್ತದೆ. ಹೊರಗಿನ ಗಲಾಟೆಯನ್ನು ತಡೆಯುವುದು ಆ ಬಲೆ. ಪಿನ್ನಿನ ಹತ್ತಿರ ಮಡಚಿ ಮಡಚಿ ಅದರ ಬೆಸುಗೆ ಬಿಟ್ಟಿರುತ್ತದೆ. ಬೇರೊಂದು ಕೇಬಲ್ ಹಾಕಿ ನೋಡಿದರೆ ಗೊತ್ತಾಗಿಬಿಡುತ್ತದೆ. ಕೆಲವರು ಸ್ಪೀಕರಿಗೆ ಬಳಸುವ ಕೇಬಲನ್ನೇ ಗಿಟಾರಿಗೂ ಹಾಕುತ್ತಾರೆ. ತುದಿಯ ಪಿನ್ನು ಒಂದೇ ಥರ ಕಂಡರೂ ಅದರೊಳಗೆ ಈ ಬಲೆ ಇರುವುದಿಲ್ಲ.

ಈಗ ವಾಲ್ಯೂಮ್ ಏರಿಸಿ. ಸದ್ದು ಹೆಚ್ಚಿದರೆ ಗಿಟಾರನ್ನು ಎದೆಗೆ ಹಿಡಿದುಕೊಂಡೇ ನಿಧಾನವಾಗಿ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಏರಿ, ಇನ್ನೊಂದು ದಿಕ್ಕಿನಲ್ಲಿ ಬಹುಮಟ್ಟಿಗೆ ಇಳಿದರೆ ಅದನ್ನು ಹಿಡಿದು ತರುತ್ತಿರುವುದು ತಂತಿಗಳ ಕೆಳಗಿನ ಪಿಕಪ್. ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳು ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ನಡುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆದರೆ ಪಾಪದ ಸುರುಳಿಗೆ ಗಿಟಾರಿನ ತಂತಿ ಯಾವುದು, ಪಕ್ಕದ ಟ್ರಾನ್ಸ್‌ಫಾರ್ಮರ್ ಯಾವುದು ಎಂಬ ಭೇದ ತಿಳಿಯದು. ಸ್ಟೆಬಿಲೈಸರ್, ಇನ್ವರ್ಟರ್, ಆಂಪ್ಲಿಫೈಯರಿನದೇ ಟ್ರಾನ್ಸ್‌ಫಾರ್ಮರ್, ಎಲ್ಲದರ ಗುಂಯ್ ಸದ್ದನ್ನೂ ಅದು ಹೀರಿಕೊಳ್ಳುತ್ತದೆ. ಇದಕ್ಕೆ ಮೊದಲ ಮದ್ದು ದೂರ. ಎರಡು ಹೆಜ್ಜೆ ಹಿಂದೆ ಸರಿದರೂ ವ್ಯತ್ಯಾಸ ಕಾಣುತ್ತದೆ.

ಎರಡನೇ ಮದ್ದನ್ನು ಕಂಡುಹಿಡಿದವರು ಅಮೆರಿಕದ ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್. ಅವರು 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1959ರಲ್ಲಿ ಅದು ದೊರೆಯಿತು. ಉಪಾಯ ಸರಳ. ಒಂದು ಸುರುಳಿಯ ಬದಲು ಎರಡು ಇಟ್ಟು, ಒಂದಕ್ಕೆ ಇನ್ನೊಂದನ್ನು ವಿರುದ್ಧವಾಗಿ ಜೋಡಿಸುವುದು. ಹೊರಗಿನಿಂದ ಬಂದ ಗುಂಯ್ ಸದ್ದು ಎರಡರಲ್ಲೂ ಒಂದೇ ಅಳತೆಯಲ್ಲಿ ಹುಟ್ಟಿ ಪರಸ್ಪರ ಅಳಿಸಿಕೊಳ್ಳುತ್ತದೆ. ಎರಡರ ಆಯಸ್ಕಾಂತದ ಧ್ರುವಗಳನ್ನೂ ತಿರುಗುಮುರುಗು ಮಾಡಿರುವುದರಿಂದ ತಂತಿಯ ನಾದ ಮಾತ್ರ ಅಳಿಯದೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಇದಕ್ಕೇ ಹಂಬಕರ್ ಎಂದು ಹೆಸರು. ನಿಮ್ಮ ಗಿಟಾರಿನ ಪಿಕಪ್ ಅಗಲವಾಗಿ, ಎರಡು ಸಾಲಿನದಾಗಿದ್ದರೆ ಅದು ಸಾಮಾನ್ಯವಾಗಿ ಹಂಬಕರ್. ಸಪೂರವಾಗಿ ಒಂದೇ ಸಾಲಿನದಾಗಿದ್ದರೆ ಸಿಂಗಲ್ ಕಾಯಿಲ್. ಅಂಗಡಿಯವರು ಗಿಟಾರ್ ಬದಲಾಯಿಸಿ ಎನ್ನುವುದು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು. ಆದರೆ ಸಿಂಗಲ್ ಕಾಯಿಲಿನ ತಿಳಿಯಾದ ನಾದ ಬೇಕೆಂದೇ ಅದನ್ನು ಆರಿಸುವವರಿದ್ದಾರೆ. ಮೂರು ಪಿಕಪ್ಪಿನ ಗಿಟಾರಾದರೆ ಸ್ವಿಚ್ಚನ್ನು ಎರಡನೇ ಅಥವಾ ನಾಲ್ಕನೇ ಸ್ಥಾನಕ್ಕೆ ತಂದು ನೋಡಿ. ನಡುವಿನ ಪಿಕಪ್ಪನ್ನು ವಿರುದ್ಧವಾಗಿ ಸುತ್ತಿರುವ ಗಿಟಾರುಗಳಲ್ಲಿ ಅಲ್ಲಿ ಸದ್ದು ಇಳಿಯುತ್ತದೆ. ಖರ್ಚಿಲ್ಲದ ಉಪಾಯ.

ತಂತಿಗಳನ್ನು ಕೈಯಿಂದ ಮುಟ್ಟಿದಾಗ ‘ಝರ್‌ರ್’ ಕಡಿಮೆಯಾಗಿ, ಬಿಟ್ಟಾಗ ಹೆಚ್ಚುತ್ತದೆಯೇ? ಹೆದರಬೇಕಿಲ್ಲ. ಅದು ಗಿಟಾರಿನ ಒಳಗೆ ಲೋಹದ ಮರೆ ಸಾಲದು ಎಂಬುದರ ಗುರುತು. ಪಿಕಪ್ ಕೂರುವ ಗುಳಿಗೆ ತಾಮ್ರದ ಅಂಟುಪಟ್ಟಿ ಹಚ್ಚಿ, ಅದನ್ನು ಗ್ರೌಂಡ್ ವೈರಿಗೆ ಬೆಸೆದರೆ ಸರಿಹೋಗುತ್ತದೆ. ಮುಟ್ಟಿದಾಗ ಸದ್ದು ಹೆಚ್ಚಾದರೆ ಜ್ಯಾಕಿನ ಎರಡು ವೈರುಗಳು ಅದಲುಬದಲಾಗಿರುವ ಸಂಭವವಿದೆ. ಪೆಡಲುಗಳಿದ್ದರೆ ಅವನ್ನು ಕೊನೆಗೆ, ಒಂದೊಂದಾಗಿ ಸೇರಿಸಿ. ಅಡಾಪ್ಟರ್ ಬದಲು 9 ವೋಲ್ಟ್ ಬ್ಯಾಟರಿ ಹಾಕಿದಾಗ ಸದ್ದು ಮಾಯವಾದರೆ ತಪ್ಪು ಅಡಾಪ್ಟರಿನದು. ಜೇಬಿನಲ್ಲಿರುವ ಮೊಬೈಲನ್ನೂ ತೆಗೆದಿಡಿ. ಇನ್ನು ನಾಯ್ಸ್ ಗೇಟ್ ಎಂಬ ಪೆಡಲ್ ಕೊಂಡುಕೊಳ್ಳಿ ಎಂದು ಯಾರಾದರೂ ಹೇಳಿದರೆ, ಅದು ನುಡಿಸದೆ ಇರುವಾಗ ಬಾಗಿಲು ಮುಚ್ಚುತ್ತದೆ ಅಷ್ಟೆ. ನುಡಿಸಿದೊಡನೆ ಸದ್ದು ನಾದದ ಜೊತೆಗೇ ಒಳಗೆ ಬರುತ್ತದೆ. ಹುಣ್ಣಿಗೆ ಮದ್ದು ಹಾಕದೆ ಬಟ್ಟೆ ಸುತ್ತಿದ ಹಾಗೆ.

ಮನೆಯಲ್ಲಿ ಕಡಿಮೆ, ದೇವಾಲಯದಲ್ಲಿ ಹೆಚ್ಚು ಎಂದು ಆ ತಾಯಿ ಬರೆದಿದ್ದಾರಲ್ಲ, ಗುಟ್ಟು ಇರುವುದು ಅಲ್ಲಿ. ಒಂದು ದೇವಾಲಯದಲ್ಲಿ ಹಬ್ಬದ ಹಿಂದಿನ ವಾರ ನಾವು ಇದೇ ಪಾಡನ್ನು ನೋಡಿದ್ದೆವು. ಗಿಟಾರಿನ ಆಂಪ್ಲಿಫೈಯರಿಗೆ ಬಲಿಪೀಠದ ಬಲಗಡೆಯ ಗೋಡೆಯಿಂದ ಕರೆಂಟು. ಮೈಕುಗಳ ಮಿಕ್ಸರ್ ಹಿಂದಿನ ಬಾಗಿಲ ಬಳಿ, ಅಲ್ಲಿಯ ಬೋರ್ಡಿನಿಂದ ಕರೆಂಟು. ಎರಡರ ನಡುವೆ ಉದ್ದದ ಒಂದು ಕೇಬಲ್. ಎರಡೂ ಯಂತ್ರಗಳು ತಮ್ಮ ತಮ್ಮ ಪ್ಲಗ್ಗಿನ ಮೂಲಕ ಅರ್ಥಿಂಗಿಗೆ ಸೇರಿವೆ, ಕೇಬಲಿನ ತಾಮ್ರದ ಬಲೆಯ ಮೂಲಕ ಪರಸ್ಪರವೂ ಸೇರಿವೆ. ಹೀಗೆ ದೇವಾಲಯದಷ್ಟೇ ದೊಡ್ಡದಾದ ಒಂದು ವೈರಿನ ಬಳೆ ತಯಾರಾಗುತ್ತದೆ. ಎರಡು ಕಡೆಯ ಅರ್ಥಿಂಗಿನಲ್ಲಿ ಎಷ್ಟು ಸಣ್ಣ ವ್ಯತ್ಯಾಸವಿದ್ದರೂ ಆ ಬಳೆಯಲ್ಲಿ 50 ಹರ್ಟ್ಜಿನ ವಿದ್ಯುತ್ ಹರಿದು ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದಕ್ಕೇ.

ಅಲ್ಲಿ ಆಂಪ್ಲಿಫೈಯರಿನ ಪ್ಲಗ್ ನೋಡಿದಾಗ ನಮ್ಮ ಎದೆ ಧಸಕ್ಕೆಂದಿತು. ಮೂರನೇ ಪಿನ್ನನ್ನು ಗರಗಸದಿಂದ ಕತ್ತರಿಸಿ ತೆಗೆದಿದ್ದರು. “ಸೌಂಡ್ ಬರ್ತಿತ್ತು ಅಂತ ಹಿಂದಿನ ಅಣ್ಣ ಕಟ್ ಮಾಡಿದ್ರು ಸರ್, ಆಮೇಲೆ ಕಡಿಮೆ ಆಯ್ತು” ಎಂದ ಗಿಟಾರ್ ನುಡಿಸುವ ಹುಡುಗ. ಕಡಿಮೆಯಾಗಿದ್ದು ನಿಜ. ಪಿನ್ನು ಹೋದರೆ ಬಳೆ ಒಂದು ಕಡೆ ಮುರಿಯುತ್ತದೆ, ಸದ್ದು ಇಳಿಯುತ್ತದೆ. ಜೊತೆಗೇ ಆ ಹುಡುಗನ ಪ್ರಾಣಕ್ಕಿದ್ದ ಕಾವಲೂ ಹೋಗುತ್ತದೆ.

ಅದು ಹೇಗೆಂದರೆ, ಗಿಟಾರಿನ ತಂತಿಗಳು ಬ್ರಿಡ್ಜಿನ ಮೂಲಕ, ಕೇಬಲಿನ ಬಲೆಯ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತವೆ. ಒಂದು ದಿನ ಒಳಗಿನ ಫೇಸ್ ವೈರಿನ ಸಿಪ್ಪೆ ಸವೆದು ಲೋಹದ ಮೈಗೆ ತಗುಲಿತೆನ್ನಿ. ಮೂರನೇ ಪಿನ್ನು ಇದ್ದರೆ ವಿದ್ಯುತ್ ಭೂಮಿಗೆ ಹರಿದು ಫ್ಯೂಸ್ ಹಾರುತ್ತದೆ. ಪಿನ್ನು ಇಲ್ಲದಿದ್ದರೆ 230 ವೋಲ್ಟ್ ಗಿಟಾರಿನ ತಂತಿಗೆ ಬಂದು ಸುಮ್ಮನೆ ಕಾಯುತ್ತಿರುತ್ತದೆ. ಎಡಗೈಯಲ್ಲಿ ತಂತಿ ಒತ್ತಿ ಹಿಡಿದ ಹುಡುಗ ಹಾಡಲು ಬಾಯಿಯನ್ನು ಮೈಕಿಗೆ ತಾಗಿಸಿದನೆಂದರೆ, ಮೈಕು ಮಿಕ್ಸರ್ ಮೂಲಕ ಅರ್ಥಿಂಗಿಗೆ ಸೇರಿರುವುದರಿಂದ, ವಿದ್ಯುತ್ ಅವನ ಕೈಯಿಂದ ತುಟಿಗೆ ದೇಹದ ಮೂಲಕವೇ ಹಾಯುತ್ತದೆ. ಇದು ಹೆದರಿಸಲು ಹೇಳುವ ಮಾತಲ್ಲ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್‌ಸೀಯಲ್ಲಿ, ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಕುಸಿದುಬಿದ್ದು ತೀರಿಕೊಂಡರು. ವಯಸ್ಸು 27. ಯಾರ್ಡ್‌ಬರ್ಡ್ಸ್ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರ ಮೇ ತಿಂಗಳಲ್ಲಿ ತಮ್ಮ ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಾಗ ಶಾಕ್ ಹೊಡೆದು ಸತ್ತರು. ಅವರಿಗೆ 33. ಮಳೆಗಾಲದಲ್ಲಿ ಒದ್ದೆ ಕಾಲಿನಲ್ಲಿ, ಚಪ್ಪಲಿ ಹೊರಗೆ ಬಿಟ್ಟು ನಿಂತು ಹಾಡುವ ನಮ್ಮ ಮಕ್ಕಳ ಸ್ಥಿತಿ ಇದಕ್ಕಿಂತ ಸುರಕ್ಷಿತವೇನಲ್ಲ.

ಆ ದೇವಾಲಯದಲ್ಲಿ ಮೊದಲು ಹೊಸ ಮೂರು ಪಿನ್ನಿನ ಪ್ಲಗ್ ಹಾಕಿಸಿದೆವು. ಗುಂಯ್ ಸದ್ದು ಮರಳಿ ಬಂತು. ಬರಲಿ ಎಂದು ಬಿಟ್ಟೆವು. ನಂತರ ಮಿಕ್ಸರಿನ ಬೋರ್ಡಿನಿಂದಲೇ ಗಟ್ಟಿಮುಟ್ಟಾದ ಒಂದು ಎಕ್ಸ್‌ಟೆನ್ಷನ್ ಎಳೆಸಿ ಗಿಟಾರಿನ ಆಂಪ್ಲಿಫೈಯರಿಗೂ, ಕೀಬೋರ್ಡಿಗೂ ಅಲ್ಲಿಂದಲೇ ಕರೆಂಟು ಕೊಟ್ಟೆವು. ಸದ್ದು ಮುಕ್ಕಾಲು ಪಾಲು ಇಳಿಯಿತು. ಉಳಿದ ಕಾಲು ಪಾಲಿಗೆ ಡಿಐ ಬಾಕ್ಸ್ ತರಿಸಿದರು. ಅದರೊಳಗಿನ ಸಣ್ಣ ಟ್ರಾನ್ಸ್‌ಫಾರ್ಮರ್ ನಾದವನ್ನು ಮಾತ್ರ ದಾಟಿಸುತ್ತದೆ. ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ಚನ್ನು ಒತ್ತಿದರೆ ಕೇಬಲಿನ ಕಡೆಯಿಂದ ಬಳೆ ಮುರಿಯುತ್ತದೆ. ಪ್ಲಗ್ಗಿನ ಅರ್ಥಿಂಗ್ ಇದ್ದಲ್ಲೇ ಇರುತ್ತದೆ. ಬಳೆ ಮುರಿಯಬೇಕಾದದ್ದು ಹಾಗೆ, ಗರಗಸದಿಂದಲ್ಲ.

ಮೂರು ಪಿನ್ನಿನ ಪ್ಲಗ್ ಇದ್ದರೆ ಸಾಕೇ? ಬೋರ್ಡಿನ ಮೂರನೇ ತೂತಿನ ಹಿಂದೆ ವೈರೇ ಇಲ್ಲದಿರುವುದು ನಮ್ಮ ಹಳೆಯ ಕಟ್ಟಡಗಳಲ್ಲಿ ಉಂಟು. ಇನ್ನು ಕೆಲವೆಡೆ ಅರ್ಥಿಂಗ್ ಇಲ್ಲವೆಂದು ಆ ತೂತಿಗೆ ನ್ಯೂಟ್ರಲ್ ವೈರನ್ನೇ ಸುತ್ತಿಬಿಟ್ಟಿರುತ್ತಾರೆ. ಎಲ್ಲೋ ಆ ನ್ಯೂಟ್ರಲ್ ತುಂಡಾದ ದಿನ ಬೋರ್ಡಿಗೆ ಚುಚ್ಚಿದ ಎಲ್ಲ ಯಂತ್ರಗಳ ಮೈಗೂ ಕರೆಂಟು ಬರುತ್ತದೆ. ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಟ್ಟು ನೋಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ನ್ಯೂಟ್ರಲ್ ಸುತ್ತಿದ ಬೋರ್ಡಿನಲ್ಲೂ ಮೀಟರ್ ಹೀಗೇ ತೋರಿಸುವುದರಿಂದ ಬೋರ್ಡ್ ಬಿಚ್ಚಿಸಿಯೂ ನೋಡಬೇಕು. ಇದ್ದಲು, ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ. ಅದಕ್ಕೆ ನೀರು ಹಾಕುವ ಕೆಲಸವನ್ನು ಯಾರಾದರೂ ಒಬ್ಬರಿಗೆ ಒಪ್ಪಿಸಿ. ಗಾನವೃಂದದ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ, ಮೈಗೆ ಹರಿಯುವಷ್ಟು ಸೋರಿಕೆಯಾದ ಕ್ಷಣವೇ ಅದು ಕರೆಂಟು ಕಡಿಯುತ್ತದೆ. ಡಿಐ ಬಾಕ್ಸಿಗೆ ದುಡ್ಡಿಲ್ಲದಿದ್ದರೂ ಚಿಂತೆಯಿಲ್ಲ, ಇದಕ್ಕೆ ಮೊದಲು ಹೊಂದಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಕಿವಿಯನ್ನು ಸ್ಪೀಕರಿನ ಹತ್ತಿರ ತಂದರೆ ಸಣ್ಣ ಸದ್ದು ಇದ್ದೇ ಇರುತ್ತದೆ. ಸಿಂಗಲ್ ಕಾಯಿಲ್ ಗಿಟಾರಿಗೆ ಅದು ಸಹಜ. ಮೌನದ ಹೊತ್ತಿನಲ್ಲಿ ವಾಲ್ಯೂಮ್ ಇಳಿಸುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ. ಮೈಕ್ ಕೀಂಯ್ ಎಂದು ಕಿರುಚುವುದರ ಬಗ್ಗೆಯೂ ಇಬ್ಬರು ಓದುಗರು ಕೇಳಿದ್ದಾರೆ. ಅದರ ಕಾರಣವೇ ಬೇರೆ, ಅದನ್ನು ಮುಂದಿನ ತಿಂಗಳು ನೋಡೋಣ.