ಹೂರಣದ ಬನ್ನು, ಬೆಣ್ಣೆಯ ದೋಸೆ

ದಾವಣಗೆರೆ ಜಿಲ್ಲೆಯ ಕೆರೆಬಿಳಚಿಯಲ್ಲಿ ಚಹಾದ ಜೊತೆ ಬನ್ನೋ ದಿಲ್‌ಪಸಂದೋ ತಿನ್ನುವವರಿಗೆ ಜಪಾನಿನ ಅನ್‌ಪಾನ್ ಅಪರಿಚಿತ ಅನ್ನಿಸಲಾರದು. ಅದೂ ಬನ್ನೇ. ಒಳಗಿರುವುದು ಬೇಯಿಸಿ, ಸಕ್ಕರೆ ಬೆರೆಸಿ ಅರೆದ ಅಜುಕಿ ಕಾಳಿನ ಹೂರಣ. ಈ ಅಜುಕಿ ನಮ್ಮ ಹೆಸರುಕಾಳು, ಅಲಸಂದೆಗಳ ಹತ್ತಿರದ ನೆಂಟ. 1874ರಲ್ಲಿ ಟೋಕಿಯೊದ ಕಿಮುರಾಯ ಬೇಕರಿ ಇದನ್ನು ಮಾಡಿತು. ಬ್ರೆಡ್ಡು ಪರದೇಶದ್ದು, ಆದರೆ ಹಿಟ್ಟು ಉಬ್ಬಿಸಿದ್ದು ಅಕ್ಕಿಯ ಮದ್ಯಕ್ಕೆ ಬಳಸುವ ಹುದುಗಿನಿಂದ. ಹೂರಣವಂತೂ ಮನೆಯದೇ. ಮುಂದೆ ಅನ್‌ಪಾನ್‌ಮನ್ ಎಂಬ ಮಕ್ಕಳ ಕಥಾನಾಯಕನೂ ಹುಟ್ಟಿದ. ಬನ್ನೇ ಅವನ ತಲೆ; ಹಸಿದವರು ಎದುರಾದರೆ ಅದರಲ್ಲೇ ಒಂದು ತುಂಡು ಮುರಿದು ಕೊಡುತ್ತಾನೆ. ಯುದ್ಧಕಾಲದ ಹಸಿವನ್ನು ಉಂಡು ಬಂದಿದ್ದ ತಕಾಶಿ ಯಾನಸೆ ಅವನನ್ನು ಸೃಷ್ಟಿಸಿದವರು.

ಟೋಕಿಯೊದ ಇನ್ನೊಂದು ಬೇಕರಿಯ ಕಥೆಯಲ್ಲಿ ಭಾರತವೇ ಇದೆ. ವೈಸ್‌ರಾಯ್ ಹಾರ್ಡಿಂಜ್ ಮೇಲಿನ ಬಾಂಬ್ ಪ್ರಕರಣದಲ್ಲಿ ಬ್ರಿಟಿಷರು ಹುಡುಕುತ್ತಿದ್ದ ರಾಸ್ ಬಿಹಾರಿ ಬೋಸ್ 1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದರು. ನಾಕಾಮುರಾಯ ಬೇಕರಿಯ ಸೋಮಾ ದಂಪತಿ ಅವರನ್ನು ಬಚ್ಚಿಟ್ಟು ಕಾಪಾಡಿದರು. ಮಗಳು ತೋಶಿಕೊಳನ್ನು ಕೊಟ್ಟು ಮದುವೆಯನ್ನೂ ಮಾಡಿದರು. ಬೋಸ್ ಹೇಳಿಕೊಟ್ಟ ಭಾರತೀಯ ಕರಿ 1927ರಲ್ಲಿ ಅಲ್ಲಿನ ಹೋಟೆಲಿನ ಪಟ್ಟಿಗೆ ಸೇರಿತು. ಇಂದಿಗೂ ಬಡಿಸುತ್ತಾರೆ.

ಹೀಗೆ ಪರರ ಬ್ರೆಡ್ಡನ್ನೂ ಸಾರನ್ನೂ ತನ್ನದಾಗಿಸಿಕೊಂಡ ದೇಶದ ಊಟ ಈಗ ಲೋಕವನ್ನೇ ಸುತ್ತುತ್ತಿದೆ. ಜಪಾನ್ ಸರ್ಕಾರದ ಲೆಕ್ಕದಂತೆ ಹೊರದೇಶಗಳಲ್ಲಿ 2013ರಲ್ಲಿ ಸುಮಾರು 55,000 ಇದ್ದ ಜಪಾನಿ ಹೋಟೆಲುಗಳು 2023ಕ್ಕೆ ಸುಮಾರು 1,87,000 ಆದವು. ಬಿಡದಿಗೆ ಟೊಯೋಟ ಬಂದ ಮೇಲೆ ಬೆಂಗಳೂರಿನಲ್ಲೂ ಸುಶಿ, ರಾಮೆನ್ ಬೇರೂರಿದವು. ರಾಮೆನ್ ಅಂಗಡಿಯೊಂದರ ಸುತ್ತ ಹೆಣೆದ 'ಟಾಂಪೊಪೊ'ದಂಥ ಸಿನಿಮಾಗಳೂ ಈ ಊಟಕ್ಕೆ ದಾರಿ ಮಾಡಿಕೊಟ್ಟಿವೆ.

ಹೋದಲ್ಲೆಲ್ಲ ರೂಪ ಬದಲಾಯಿತು. ಅಮೆರಿಕದವರು ಸುಶಿಗೆ ಬೆಣ್ಣೆಹಣ್ಣು ಸುತ್ತಿದರು. ಇದು ಅಸಲಿಯಲ್ಲವೆಂದು ಕಳವಳಗೊಂಡ ಜಪಾನಿನ ಕೃಷಿ ಸಚಿವಾಲಯ 2006ರಲ್ಲಿ ಹೊರದೇಶದ ಹೋಟೆಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಲು ಹೊರಟಿತು. ಪತ್ರಿಕೆಗಳು ಅದನ್ನು 'ಸುಶಿ ಪೊಲೀಸ್' ಎಂದು ಕರೆದವು, ಯೋಜನೆ ಬಿದ್ದುಹೋಯಿತು. ಹತ್ತು ವರ್ಷಗಳ ನಂತರ ಅದೇ ಸಚಿವಾಲಯ ದಾರಿ ಬದಲಿಸಿತು: ಹೋಟೆಲಿಗಲ್ಲ, ಅಡುಗೆ ಕಲಿತ ವಿದೇಶಿ ಬಾಣಸಿಗನಿಗೇ ಚಿನ್ನ, ಬೆಳ್ಳಿ, ಕಂಚಿನ ದರ್ಜೆಯ ಮಾನ್ಯತೆ. ಎರಡನೆಯದೇ ಸರಿಯಾದ ದಾರಿ. ಕೈಗೆ ಹದ ಕಲಿಸಿದರೆ ರುಚಿ ಉಳಿಯುತ್ತದೆ, ಬೋರ್ಡು ಕೀಳಿಸಿದರೆ ಜಗಳ ಮಾತ್ರ ಉಳಿಯುತ್ತದೆ.

ಈ ಮಾತು ದಾವಣಗೆರೆ ಜಿಲ್ಲೆಗೆ ನೇರವಾಗಿ ತಾಗುತ್ತದೆ. 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚನ್ನಮ್ಮ ಎಂಬ ತಾಯಿಯಿಂದ ಇಲ್ಲಿನ ಬೆಣ್ಣೆದೋಸೆಯ ಪರಂಪರೆ ಶುರುವಾಯಿತು ಎನ್ನುವುದು ಜನ ಹೇಳುವ ಕಥೆ. ಅಂದರೆ ಅದೂ ವಲಸೆ ಬಂದ ರುಚಿಯೇ. ಇಂದು ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ 'ದಾವಣಗೆರೆ ಬೆಣ್ಣೆದೋಸೆ' ಎಂಬ ಬೋರ್ಡಿದೆ. ಎಷ್ಟೋ ಕಡೆ ಹಿಟ್ಟಿನಲ್ಲಿ ಮಂಡಕ್ಕಿ ಇಲ್ಲ, ಕಟ್ಟಿಗೆ ಒಲೆ ಇಲ್ಲ, ಬೆಣ್ಣೆ ಹೆಸರಿಗಷ್ಟೇ. ಊರಿನವರಿಗೆ ಬೇಸರವಾಗುವುದು ಸಹಜ.

ಆದರೆ ಆ ಬೋರ್ಡು ಬರೆಸಿದವನಿಗೆ ಕಲಿಯಲು ಒಂದು ಜಾಗವನ್ನು ಜಿಲ್ಲೆ ಇಟ್ಟಿದೆಯೇ? ಅಕ್ಕಿ, ಉದ್ದು, ಮಂಡಕ್ಕಿಯ ಪಾಲು, ಹಿಟ್ಟು ಹುಳಿಯಬೇಕಾದ ಹೊತ್ತು, ಹಂಚಿನ ಕಾವು, ಬೆಣ್ಣೆ ಸುರಿಯುವ ಗಳಿಗೆ ಎಲ್ಲವೂ ಹಳೆಯ ಹೋಟೆಲುಗಳ ಭಟ್ಟರ ಕೈಯಲ್ಲಿವೆ. ಅವರನ್ನೇ ಗುರುಗಳನ್ನಾಗಿ ಕೂರಿಸಿ, ಸಂಬಳ ಕೊಟ್ಟು, ಜಿಲ್ಲಾಡಳಿತ ಆರು ತಿಂಗಳ ತರಬೇತಿ ತೆರೆಯಬೇಕು. ಕೆರೆಬಿಳಚಿ, ಚನ್ನಗಿರಿ, ಜಗಳೂರಿನ ಮಕ್ಕಳಿಗೆ ಮೊದಲ ಸೀಟು ಸಿಗಲಿ. ನಾಳೆ ಅವರಲ್ಲೊಬ್ಬರು ಟೋಕಿಯೊದಲ್ಲೇ ಹಂಚು ಹೂಡಿದರೂ ಹಿಟ್ಟಿಗೆ ಮಂಡಕ್ಕಿ ಹಾಕುವುದನ್ನು ಮರೆಯುವುದಿಲ್ಲ.