ಬಸವಣ್ಣನ ಊರಾಗ ಪ್ರಶ್ನೆ ಕೇಳಾಕ ಹೆದರಿಕಿ ಯಾಕ?

'ಸರ್, ಬಸವಣ್ಣ ಜನಿವಾರ ಯಾಕ ಬ್ಯಾಡಂದ್ರು?'

ಹುನಗುಂದ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. 'ಅದು ಪರೀಕ್ಷೆಗೆ ಬರೂದಿಲ್ಲ, ಕುಂದ್ರು' ಅಂದರು ಮಾಸ್ತರರು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಬೇರೆ: 'ಯಾರರ ಮೊಬೈಲ್‌ನ್ಯಾಗ ಹಿಡದು ಗ್ರೂಪಿಗೆ ಬಿಟ್ರ ನನ್ನ ನೌಕರಿ ಯಾರು ಉಳಸ್ತಾರ್ರೀ?'

ಕೂಡಲಸಂಗಮ ಇರುವುದು ಇದೇ ತಾಲ್ಲೂಕಿನಲ್ಲಿ!

2022ರಲ್ಲಿ 9ನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ, ಉಪನಯನವಾದ ಮೇಲೆ ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು ಎಂಬಂತೆ ಬರೆದದ್ದಕ್ಕೆ ರಾಜ್ಯವೆಲ್ಲ ಗದ್ದಲವಾಯಿತು. ಉಪನಯನ ಒಲ್ಲೆ ಎಂದೇ ಮನೆ ಬಿಟ್ಟವರು ಅವರು ಎಂದು ಮಠಾಧೀಶರು ಸಿಟ್ಟಾದರು. ಸರ್ಕಾರ ಪಾಠ ತಿದ್ದಲು ಒಪ್ಪಿತು. ದೊಡ್ಡವರು ಇಷ್ಟೆಲ್ಲ ಜಗಳಾಡಿದ ವಿಷಯವನ್ನು ಆ ಪಾಠ ಓದುವ ಮಕ್ಕಳು ಮಾತ್ರ ಕೇಳಬಾರದೇನು?

ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು. ಅದು ಸರಿಯೇ. ಆದರೆ ಬೋಧನೆ ಬೇರೆ, ತಿಳಿವಳಿಕೆ ಬೇರೆ. ಧರ್ಮಗಳ ಬಗ್ಗೆ ಓದಿಸಲು ಈ ವಿಧಿ ಅಡ್ಡಿಯಲ್ಲ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಮಕ್ಕಳನ್ನು ಬಾದಾಮಿಗೆ ಪ್ರವಾಸ ಒಯ್ಯುತ್ತೇವೆ. ಒಂದೇ ಗುಡ್ಡದಲ್ಲಿ ಶಿವನ ಗುಹೆ, ವಿಷ್ಣುವಿನ ಗುಹೆ, ಜೈನರ ಗುಹೆ. ಸಾಲಾಗಿ ನಿಲ್ಲಿಸಿ ಫೋಟೊ ಹೊಡೆಯುತ್ತೇವೆ. 'ಇವರೆಲ್ಲ ಒಂದ ಕಡೆ ಹ್ಯಾಂಗ ಇದ್ರು?' ಎಂದು ಯಾರಾದರೂ ಕೇಳಿದರೆ 'ಬಸ್ಸಿಗೆ ಹೊತ್ತಾತು' ಅನ್ನುತ್ತೇವೆ.

ಮಾಸ್ತರರೇ ತಮ್ಮ ದೇವರನ್ನು ಮಕ್ಕಳ ತಲೆಗೆ ತುಂಬಿದರೆ? ಈ ಭಯ ಸುಳ್ಳಲ್ಲ. ಅದಕ್ಕೇ ಕಟ್ಟಳೆ ಬೇಕು. ಯಾವ ಧರ್ಮವೂ ಮೇಲು ಕೀಳು ಎನ್ನಬಾರದು. ಯಾವ ಮಗುವಿಗೂ 'ನಿಮ್ಮ ಮಂದಿ ಹಿಂಗ್ಯಾಕ?' ಎಂದು ಕೇಳಬಾರದು. ಸುಮ್ಮನಿರುವ ಹಕ್ಕೂ ಮಗುವಿಗೆ ಇರಬೇಕು. ಇದನ್ನು ಎಸ್‌ಡಿಎಂಸಿ ಸಭೆಯಲ್ಲಿ ಪಾಲಕರ ಎದುರು ಓದಿ ಠರಾವು ಮಾಡಲಿ. ಆಮೇಲೆ ಯಾರಾದರೂ ವಿಡಿಯೊ ಬಿಟ್ಟರೆ ಊರೇ ಮಾಸ್ತರರ ಬೆನ್ನಿಗೆ ನಿಲ್ಲಲಿ.

ನಮ್ಮ ತಪ್ಪೂ ಇದೆ. ಅರ್ಧ ನಿಮಿಷದ ವಿಡಿಯೊ ನೋಡಿ, ಶಾಲೆಗೆ ಹೋಗಿ ವಿಚಾರಿಸದೆ ಸುದ್ದಿ ಕಳಿಸಿದವರಲ್ಲಿ ನಾನೂ ಒಬ್ಬ. ಮಾಸ್ತರರ ಹೆದರಿಕೆಯಲ್ಲಿ ನನ್ನ ಪಾಲೂ ಇದೆ.

ಮೊಹರಂನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಅಲಾಯಿ ಕುಣಿತ ನೋಡಿದ ಮಕ್ಕಳು ಇವು. ಶಾಲೆಯಲ್ಲಿ ಬಾಯಿ ಮುಚ್ಚಿಸಿದರೆ ಪ್ರಶ್ನೆ ಸಾಯುವುದಿಲ್ಲ, ಮೊಬೈಲಿಗೆ ಹೋಗುತ್ತದೆ. ಆ ಹುಡುಗಿಗೆ ಉತ್ತರ ಯಾರು ಕೊಡಬೇಕು? ಮಾಸ್ತರರೋ, ವಾಟ್ಸಾಪ್ ಗ್ರೂಪಿನವರೋ?

ನೀವ ಹೇಳ್ರಿ.