‘ಪೇನ್’ ಅಂದರೆ ಯಾವ ನೋವು?

ನಮ್ಮ ಅಜ್ಜಿಗೆ ಹೊಟ್ಟೆನೋವು ಬರೋದು ರಾತ್ರಿಯೇ. ಹಗಲೆಲ್ಲ ಚೆನ್ನಾಗಿರ್ತಾರೆ. ಶೇಂಗಾ ಬಿಡಿಸ್ತಾರೆ, ಮುದ್ದೆ ಕಟ್ತಾರೆ, ಮೊಬೈಲ್ ಹಿಡಿದು ಕೂತ ನಮ್ಮನ್ನು ಬೈತಾರೆ. ರಾತ್ರಿ ಒಂದೂವರೆ ಎರಡು ಗಂಟೆ ಆಯ್ತು ಅಂದರೆ ಎದ್ದು ಕೂರ್ತಾರೆ. ಎರಡು ವರ್ಷದಿಂದ ಹೀಗೇ, ವಾರಕ್ಕೆ ಮೂರು ನಾಲ್ಕು ಸಲ.

ಅಜ್ಜಿ ಇರೋದು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದಲ್ಲಿ. ನಾವು, ಅಂದರೆ ಅಕ್ಕ-ತಮ್ಮ ಇಬ್ಬರೂ, ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ‘ಓದಿರೋ ಮಕ್ಕಳು’ ನಾವೇ ಆದ್ದರಿಂದ ಆಸ್ಪತ್ರೆಗೆ ಕರ್ಕೊಂಡು ಹೋಗೋ ಕೆಲಸವೂ ನಮ್ಮದೇ.

ಮೊದಲ ಸಲ ಹೋದಾಗ ಡಾಕ್ಟರು ಏನಾಗುತ್ತೆ ಅಂತ ಕೇಳಿದರು. ಅಜ್ಜಿ ಶುರು ಮಾಡಿದರು: “ಮೊದ್ಲು ಹೊಕ್ಕಳ ಸುತ್ತ ತೊಳಸ್ದಂಗೆ ಆಗ್ತೈತೆ. ಆಮೇಲೆ ಒದ್ದೆ ಬಟ್ಟೆ ಹಿಂಡ್ತಾರಲ್ಲ, ಹಂಗೆ ಹಿಂಡ್ತೈತೆ. ಇನ್ನು ಕೆಲವು ದಿನ ಹಿಂಡೋದಿಲ್ಲ, ಬರೀ ಉರಿ. ಆವಾಗ ಒಂದ್ ಚೂರು ರೊಟ್ಟಿ ತಿಂದ್ರೆ...” ಹೊರಗೆ ಐವತ್ತು ಜನ ಕಾಯ್ತಾ ಇದ್ದರು. ನಮಗೆ ನಾಚಿಕೆ ಆಯ್ತು. ನಾವು ಮಧ್ಯೆ ಬಾಯಿ ಹಾಕಿ “ಸ್ಟಮಕ್ ಪೇನ್ ಡಾಕ್ಟರ್, ನೈಟ್ ಟೈಮ್, ಸಿನ್ಸ್ ಟೂ ಇಯರ್ಸ್” ಅಂದೆವು. ಡಾಕ್ಟರು ಬರೆದುಕೊಂಡರು. ಅಜ್ಜಿ ಸುಮ್ಮನಾದರು.

ತಮಾಷೆ ಅಂದರೆ ಆ ಡಾಕ್ಟರು ಕನ್ನಡದವರೇ. ಅಜ್ಜಿ ಹೇಳಿದ್ದು ಅವರಿಗೆ ಪೂರ್ತಿ ಅರ್ಥ ಆಗ್ತಿತ್ತು. ಮತ್ತೆ ಇಂಗ್ಲಿಷ್ ಯಾಕೆ? ಓದಿದವರು ಅಂತ ಗೊತ್ತಾದರೆ ಸ್ವಲ್ಪ ಸರಿಯಾಗಿ ನೋಡ್ತಾರೆ ಅನ್ನೋ ಆಸೆ, ಅಷ್ಟೇ. ಎರಡು ವರ್ಷದ ನೋವನ್ನು ಎರಡು ಪದಕ್ಕೆ ಇಳಿಸಿಬಿಟ್ಟೆವು.

ಸ್ಕ್ಯಾನ್ ಆಯ್ತು, ರಕ್ತ ಪರೀಕ್ಷೆ ಆಯ್ತು, ಎಂಡೋಸ್ಕೋಪಿಯೂ ಆಯ್ತು. ಎಲ್ಲಾ ನಾರ್ಮಲ್. ಆ ಫೈಲು ಪೂರ್ತಿ ಇಂಗ್ಲಿಷ್. ನಮ್ಮೂರಲ್ಲಿ ಅಶೋಕನ ಶಾಸನ ಇದೆ, ಗೊತ್ತಿರಬಹುದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಹತ್ತಿರದ ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಚಪಡ ಅನ್ನೋ ಲಿಪಿಕಾರ ತನ್ನ ಹೆಸರು ಹಾಕಿ, ‘ಲಿಪಿಕಾರ’ ಅನ್ನೋ ಪದವನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಇಲ್ಲಿ ಎಷ್ಟು ಜನಕ್ಕೆ ಅದನ್ನು ಓದೋಕೆ ಬರ್ತಿತ್ತೋ! ಅಜ್ಜಿ ತಮ್ಮ ಹೊಟ್ಟೆಯ ಬಗ್ಗೆಯೇ ಇರೋ ಫೈಲನ್ನು ತಿರುವಿ ನೋಡ್ತಾ ಇದ್ದಾಗ ನಮಗೆ ಅದೇ ನೆನಪಾಯ್ತು.

ರಿಪೋರ್ಟ್ ನಾರ್ಮಲ್ ಬಂದ ಮೇಲೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗ್ಯಾಸು ಅಂದರು, ವಯಸ್ಸು ಅಂದರು, ಏನೋ ಮನಸ್ಸಿಗೆ ಹಚ್ಕೊಂಡವಳೆ ಅಂದರು. ಅಜ್ಜಿ ನೋವಿನ ಮಾತು ಎತ್ತೋದನ್ನೇ ಬಿಟ್ಟರು. ವಾಸಿ ಆಯ್ತು ಅಂತಲೇ ನಾವು ತಿಳ್ಕೊಂಡೆವು. ಕಳೆದ ಸೆಮಿಸ್ಟರ್ ರಜೆಯಲ್ಲಿ ಒಂದು ರಾತ್ರಿ ನೀರು ಕುಡಿಯೋಕೆ ಎದ್ದಾಗ ಬಾಗಿಲು ತೆರೆದಿತ್ತು. ಅಜ್ಜಿ ಕತ್ತಲಲ್ಲಿ ಜಗಲಿ ಮೇಲೆ ಕೂತಿದ್ದರು, ಬಿಸಿನೀರು ತುಂಬಿದ ಗಾಜಿನ ಬಾಟಲಿಗೆ ಟವೆಲ್ ಸುತ್ತಿ ಹೊಟ್ಟೆಗೆ ಒತ್ತಿಕೊಂಡು. ಲೈಟ್ ಹಾಕಿದರೆ ನಮಗೆ ಎಚ್ಚರ ಆಗುತ್ತಂತೆ.

ನಮ್ಮ ವಾದ ಇಷ್ಟು: ‘ಕಾರಣ ಸಿಗಲಿಲ್ಲ’ ಬೇರೆ, ‘ಕಾರಣ ಇಲ್ಲ’ ಬೇರೆ. ಹೊಟ್ಟೆಹುಣ್ಣಿನ ಕಥೆಯನ್ನೇ ನೋಡಿ. ಟೆನ್ಷನ್‌ನಿಂದ ಬರುತ್ತೆ, ಖಾರದಿಂದ ಬರುತ್ತೆ ಅಂತ ದಶಕಗಟ್ಟಲೆ ಹೇಳ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1980ರ ದಶಕದಲ್ಲಿ ಅದರ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಇದೆ ಅಂದರು. ಜನ ಸುಲಭಕ್ಕೆ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಷ್ಟು ವರ್ಷ ‘ಟೆನ್ಷನ್ ಬಿಡಿ’ ಅನ್ನಿಸಿಕೊಂಡು ಮನೆಗೆ ಹೋದವರನ್ನು ನೆನೆಸ್ಕೊಂಡರೆ ಬೇಜಾರಾಗುತ್ತೆ.

ಎಂಡೋಸ್ಕೋಪಿ ಕ್ಯಾಮೆರಾಗೆ ಹುಣ್ಣು ಕಾಣುತ್ತೆ, ನರ ಹೇಗೆ ಕೆಲಸ ಮಾಡ್ತಿದೆ ಅನ್ನೋದು ಕಾಣಲ್ಲ. ನಮ್ಮ ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳಿವೆ. ಅವು ಅತಿ ಸೂಕ್ಷ್ಮ ಆದರೂ ನೋವು ಬರುತ್ತೆ. ಆ ನೋವು ನಾಟಕ ಅಲ್ಲ. ಜೊತೆಗೆ, ನಿದ್ದೆಯಿಂದ ಎಬ್ಬಿಸೋ ನೋವನ್ನು ಡಾಕ್ಟರುಗಳು ಹಗಲಿನ ನೋವಿಗಿಂತ ಹೆಚ್ಚು ಗಂಭೀರವಾಗಿ ನೋಡಬೇಕಾಗುತ್ತೆ. ತೂಕ ಇಳಿದರೆ, ಮಲ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಬಂದರಂತೂ ನಾಳೆ ನೋಡೋಣ ಅನ್ನೋ ಹಾಗೇ ಇಲ್ಲ. ನಮ್ಮಜ್ಜಿಗೆ ಅವು ಯಾವೂ ಇರಲಿಲ್ಲ.

ನಾವು ಮಾಡಿದ್ದು ಸಣ್ಣ ಕೆಲಸ. ಹಳೇ ಲ್ಯಾಬ್ ರೆಕಾರ್ಡಿನಲ್ಲಿ ಖಾಲಿ ಹಾಳೆಗಳಿದ್ದವು. ಅದರಲ್ಲಿ ಎಷ್ಟು ಗಂಟೆಗೆ ಬಂತು, ಏನು ತಿಂದಿದ್ದರು, ಯಾವ ಮಾತ್ರೆ ತಗೊಂಡಿದ್ದರು, ಅಜ್ಜಿ ಯಾವ ಪದ ಹೇಳಿದರು ಅಂತ ಬರೆಯೋಕೆ ಶುರು ಮಾಡಿದೆವು. ತೊಳಸೋದು, ಹಿಂಡೋದು, ಉರಿ, ಚಳುಕು, ನುಲಿಯೋದು. ನಮ್ಮ ಹತ್ತಿರ ಇದ್ದದ್ದು ಒಂದೇ ಪದ, ಬೇಕಾದರೆ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡಬಹುದು. ಅಜ್ಜಿ ಹತ್ತಿರ ಒಂದು ಡಿಕ್ಷನರಿಯೇ ಇತ್ತು.

ಮೂರು ವಾರ ಬರೆದ ಮೇಲೆ ಒಂದು ವಿಷಯ ಕಂಡಿತು. ‘ಉರಿ’ ಅಂತ ಬರೆದ ರಾತ್ರಿಗಳಲ್ಲಿ ಹೆಚ್ಚುಕಮ್ಮಿ ಎಲ್ಲಾ ಸಲವೂ ಅಜ್ಜಿ ಸಂಜೆ ಮಂಡಿನೋವಿನ ಮಾತ್ರೆ ನುಂಗಿದ್ದರು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಬಿಡಿ ಬಿಡಿಯಾಗಿ ತಂದದ್ದು. ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಂದರೆ, “ಅದು ಮಂಡಿಗಲ್ವೇನೋ ಮಗ, ಹೊಟ್ಟೆಗಲ್ಲ” ಅಂದರು. ಅಂಥ ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕಾಯೋ ವ್ಯವಸ್ಥೆಯನ್ನೇ ಕುಂದಿಸ್ತವೆ. ಹುಣ್ಣು ಕಾಣದೆಯೂ ಉರಿ ಬರಬಹುದು.

ಎರಡನೇ ಸಲ ಹೋದಾಗ ಅಜ್ಜಿಯೇ ಮಾತಾಡಿದರು. ನಾವು ಪುಸ್ತಕ ಹಿಡ್ಕೊಂಡು ಬಾಯಿ ಮುಚ್ಚಿಕೊಂಡಿದ್ದೆವು, ಕಷ್ಟಪಟ್ಟು. ಡಾಕ್ಟರು ಹಾಳೆ ತಿರುವಿ ನೋಡಿ ಹತ್ತು ನಿಮಿಷ ಕೂರಿಸಿಕೊಂಡು ಕೇಳಿದರು. ಮನೆಯಲ್ಲಿ ಯಾವ ನೀರು ಕುಡಿಯೋದು ಅಂತಲೂ ಕೇಳಿದರು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದು ಹಲ್ಲು, ಮೂಳೆ, ಕೀಲಿಗೆ ಮಾತ್ರ ಅಂತ ನಾವು ಓದಿದ್ದೆವು, ಹೊಟ್ಟೆಗೂ ತೊಂದರೆ ಕೊಡಬಹುದಂತೆ. ಅಜ್ಜಿ ಈಗ ಘಟಕದ ನೀರು ಕುಡೀತಾರೆ. ಹೊಲಕ್ಕೆ ಹೋದಾಗ ಮಾತ್ರ ಬೋರಿನ ನೀರೇ, ಹೇಳಿದರೂ ಕೇಳಲ್ಲ.

ಮಂಡಿ ಮಾತ್ರೆ ಬದಲಾಯಿಸಿ ಎರಡು ತಿಂಗಳಾಯ್ತು. ಪುಸ್ತಕದಲ್ಲಿ ‘ಉರಿ’ ಅನ್ನೋ ಪದ ಹೆಚ್ಚುಕಡಿಮೆ ನಿಂತಿದೆ. ‘ಹಿಂಡೋದು’ ಹಾಗೇ ಇದೆ, ವಾರಕ್ಕೆ ಒಂದು ಸಲ, ಕೆಲವೊಮ್ಮೆ ಎರಡು. ನಾವು ‘ಪೇನ್’ ಅಂದುಬಿಟ್ಟ ಆ ಒಂದು ಪದದೊಳಗೆ ಎರಡು ನೋವು ಇದ್ದವು. ಇನ್ನೊಂದರ ಕಾರಣ ಇನ್ನೂ ಸಿಕ್ಕಿಲ್ಲ. ಈ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಮತ್ತೆ ಡಾಕ್ಟರ ಹತ್ತಿರ ಹೋಗ್ತೀವಿ. ಅಲ್ಲಿತನಕ ಎಷ್ಟೇ ಹೊತ್ತಾಗಿದ್ದರೂ ಅಜ್ಜಿ ನಮಗೆ ಫೋನ್ ಮಾಡ್ತಾರೆ, ಲೈಟೂ ಹಾಕ್ಕೊಳ್ತಾರೆ.